ದುರ್ಗಾಬಾಯಿ ದೇಶಮುಖ್: ಸ್ವಾವಲಂಬನೆಯನ್ನೇ ದಾನವಾಗಿ ಕೊಟ್ಟವರು

ಶ್ರಾವಕರಿಗೆ ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳನ್ನು ಹೇಳಲಾಗಿದೆ. ದುರ್ಗಾಬಾಯಿ ದೇಶಮುಖ್ ಅವರು ಜೈನ ಮನೆತನದವರಲ್ಲ. ಆದರೂ ಶಾಸ್ತ್ರದಾನ ಮತ್ತು ಔಷಧದಾನ ಎಂದರೇನು ಎಂಬುದನ್ನು ಬಾಳಿನುದ್ದಕ್ಕೂ ನಡೆದು ತೋರಿಸಿದವರು. ಪಡೆದವರು ಮತ್ತೆ ಕೈ ಚಾಚುವಂತಾಗಬಾರದು, ತಾವೇ ದುಡಿದು ನಿಲ್ಲುವಂತಾಗಬೇಕು ಎಂಬುದೇ ಅವರ ಸೇವೆಯ ಗುರಿಯಾಗಿತ್ತು.

ಅವರು ಹುಟ್ಟಿದ್ದು 1909ರ ಜುಲೈ 15ರಂದು, ಗೋದಾವರಿ ತೀರದ ರಾಜಮಹೇಂದ್ರಿಯಲ್ಲಿ. ತಂದೆ ರಾಮರಾವ್, ತಾಯಿ ಕೃಷ್ಣವೇಣಮ್ಮ. ಆ ಕಾಲದ ರೂಢಿಯಂತೆ ಎಂಟನೇ ವಯಸ್ಸಿನಲ್ಲೇ ಮದುವೆಯಾಯಿತು. ಬುದ್ಧಿ ಬಂದ ಮೇಲೆ ದುರ್ಗಾಬಾಯಿ ಆ ಸಂಸಾರ ತಮಗೆ ಬೇಡವೆಂದು ತಿಳಿಸಿದರು. ತವರಿನವರು ಮಗಳ ಮಾತಿಗೆ ಬೆಂಬಲವಾಗಿ ನಿಂತರು. ಆ ಪತಿ ಬೇರೆ ಮದುವೆಯಾದರು. ಮುಂದೆ ಅವರು ತೀರಿಕೊಂಡಾಗ, ಕಷ್ಟದಲ್ಲಿದ್ದ ಅವರ ಪತ್ನಿಗೆ ಆಶ್ರಯ ಕೊಟ್ಟು ವೃತ್ತಿ ತರಬೇತಿ ಕೊಡಿಸಿದವರು ದುರ್ಗಾಬಾಯಿಯವರೇ. ಮನಸ್ಸಿನಲ್ಲಿ ದ್ವೇಷ ಇಟ್ಟುಕೊಳ್ಳದ ಅವರ ಸ್ವಭಾವಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಬಾಲ್ಯದಲ್ಲೇ ಹಿಂದಿ ಕಲಿತು, ಇತರ ಹೆಣ್ಣುಮಕ್ಕಳಿಗೆ ಕಲಿಸಲು ಶಾಲೆ ತೆರೆದರು. 1923ರಲ್ಲಿ ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ಸಮಯದಲ್ಲಿ ಖಾದಿ ಪ್ರದರ್ಶನದ ಬಾಗಿಲು ಕಾಯುತ್ತಿದ್ದ ಈ ಬಾಲಕಿ, ಟಿಕೆಟ್ ಇಲ್ಲದೆ ಬಂದ ಜವಾಹರಲಾಲ್ ನೆಹರೂ ಅವರನ್ನೇ ತಡೆದು ನಿಲ್ಲಿಸಿದ್ದು ಪ್ರಸಿದ್ಧ ಪ್ರಸಂಗ. ಟಿಕೆಟ್ ತರಿಸಿದ ಮೇಲೆಯೇ ಒಳಗೆ ಬಿಟ್ಟರು. 1930ರ ಉಪ್ಪಿನ ಸತ್ಯಾಗ್ರಹದಿಂದ ಆರಂಭಿಸಿ ಮೂರು ಬಾರಿ ಸೆರೆವಾಸ ಅನುಭವಿಸಿದರು. ಮಧುರೈ ಜೈಲಿನಲ್ಲಿ ಅವರನ್ನು ಒಂಟಿಯಾಗಿ ಇರಿಸಲಾಗಿತ್ತು. ಕಾನೂನಿನ ಅರಿವಿಲ್ಲದೆ ಶಿಕ್ಷೆ ಅನುಭವಿಸುತ್ತಿದ್ದ ಬಡ ಹೆಂಗಸರನ್ನು ಜೈಲಿನಲ್ಲಿ ಕಂಡು, ವಕೀಲೆಯಾಗಬೇಕೆಂಬ ಆಸೆ ಹುಟ್ಟಿತು.

ಬಿಡುಗಡೆಯಾದ ಮೇಲೆ ಬನಾರಸ್ ವಿಶ್ವವಿದ್ಯಾಲಯದ ಮೆಟ್ರಿಕ್ ಪರೀಕ್ಷೆಗೆ ಕುಳಿತು ಪಾಸಾದರು. ಆಂಧ್ರ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮುಗಿಸಿ, 1942ರಲ್ಲಿ ಮದ್ರಾಸಿನಲ್ಲಿ ಕಾನೂನು ಪದವಿ ಪಡೆದರು. ಇದರ ನಡುವೆಯೇ, 1937ರಲ್ಲಿ, ಮದ್ರಾಸಿನಲ್ಲಿ ಆಂಧ್ರ ಮಹಿಳಾ ಸಭಾ ಆರಂಭವಾಯಿತು. ಓದು ನಿಂತುಹೋದ ಹೆಣ್ಣುಮಕ್ಕಳನ್ನು ಮೆಟ್ರಿಕ್ ಪರೀಕ್ಷೆಗೆ ತಯಾರು ಮಾಡುವ ಸಣ್ಣ ಪಾಠಶಾಲೆಯಾಗಿದ್ದ ಸಂಸ್ಥೆ ಕ್ರಮೇಣ ವಿದ್ಯಾರ್ಥಿನಿಲಯ, ಆಸ್ಪತ್ರೆ, ತರಬೇತಿ ಕೇಂದ್ರ, ಕಾಲೇಜುಗಳಾಗಿ ಬೆಳೆಯಿತು.

1946ರಲ್ಲಿ ಸಂವಿಧಾನ ರಚನಾ ಸಭೆಯ ಸದಸ್ಯೆಯಾದರು. ಅಧ್ಯಕ್ಷರು ಇಲ್ಲದಾಗ ಸಭೆ ನಡೆಸುವವರ ತಂಡದಲ್ಲಿದ್ದ ಏಕೈಕ ಮಹಿಳೆ ಅವರು. 1952ರ ಚುನಾವಣೆಯಲ್ಲಿ ಸೋತರೂ ಸೇವೆ ನಿಲ್ಲಲಿಲ್ಲ. ಯೋಜನಾ ಆಯೋಗದ ಸದಸ್ಯತ್ವ ಅವರಿಗೆ ಬಂತು. ಅಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಕೇಂದ್ರ ಹಣಕಾಸು ಸಚಿವ ಚಿಂತಾಮಣ್ ದೇಶಮುಖ್ ಅವರನ್ನು 1953ರ ಜನವರಿಯಲ್ಲಿ ಸರಳವಾಗಿ ಮದುವೆಯಾದರು. ಸಾಕ್ಷಿಗಳಲ್ಲಿ ಪ್ರಧಾನಿ ನೆಹರೂ ಅವರೂ ಒಬ್ಬರು. ಚಿಂತಾಮಣ್ ಅವರು ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಆಗಿದ್ದವರು.

ಅದೇ ವರ್ಷ ಸ್ಥಾಪನೆಯಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿಗೆ ದುರ್ಗಾಬಾಯಿಯವರೇ ಮೊದಲ ಅಧ್ಯಕ್ಷೆ. ಮಹಿಳೆಯರು, ಮಕ್ಕಳು ಮತ್ತು ವಿಕಲಚೇತನರಿಗಾಗಿ ದುಡಿಯುವ ಸ್ವಯಂಸೇವಾ ಸಂಸ್ಥೆಗಳಿಗೆ ಸರ್ಕಾರದ ಅನುದಾನ ಸಿಗುವ ದಾರಿ ಮಂಡಳಿಯ ಮೂಲಕ ತೆರೆಯಿತು. ಅರ್ಧಕ್ಕೆ ಶಾಲೆ ಬಿಟ್ಟ ವಯಸ್ಕ ಮಹಿಳೆಯರು ಬೇಗ ಓದು ಮುಗಿಸಿ ಕೆಲಸಕ್ಕೆ ಸೇರಲೆಂದು 1958ರಲ್ಲಿ ಅಲ್ಪಾವಧಿಯ ಶಿಕ್ಷಣ ಯೋಜನೆಯೂ ಬಂತು.

ವಿಕಲಚೇತನರ ವಿಷಯದಲ್ಲೂ ಅವರದು ಇದೇ ದೃಷ್ಟಿ. ಬ್ಲೈಂಡ್ ರಿಲೀಫ್ ಅಸೋಸಿಯೇಷನ್ನಿನ ಅಧ್ಯಕ್ಷೆಯಾಗಿ ಅಂಧರಿಗೆ ವಸತಿ ಶಾಲೆಯ ಜೊತೆಗೆ ಲಘು ಎಂಜಿನಿಯರಿಂಗ್ ಕಾರ್ಯಾಗಾರವನ್ನೂ ಮಾಡಿಸಿದರು. ಕಣ್ಣು ಕಾಣದವರಿಗೆ ಊಟ, ಬಟ್ಟೆ ಕೊಟ್ಟರೆ ಸಾಕೆಂದು ಹೆಚ್ಚಿನವರು ತಿಳಿದಿದ್ದ ದಿನಗಳಲ್ಲಿ, ಯಂತ್ರದ ಕೆಲಸ ಕಲಿತು ಸಂಬಳ ತರಬಲ್ಲ ಕೈಗಳು ಅವರಿಗೂ ಇವೆ ಎಂದು ನಂಬಿ ನಡೆದರು. ಮದ್ರಾಸಿನಲ್ಲಿ ಆಂಧ್ರ ಮಹಿಳಾ ಸಭಾದ ಆಶ್ರಯದಲ್ಲಿ ಬೆಳೆದ ಈಶ್ವರಿ ಪ್ರಸಾದ್ ದತ್ತಾತ್ರೇಯ ಮೂಳೆ ಚಿಕಿತ್ಸಾ ಕೇಂದ್ರ, ಪೋಲಿಯೊದಿಂದ ಕಾಲಿನ ಶಕ್ತಿ ಕಳೆದುಕೊಂಡ ಮಕ್ಕಳಿಗೆ ಆಸರೆಯಾಯಿತು.

ಬರವಣಿಗೆಯನ್ನೂ ಅವರು ಸೇವೆಯ ಭಾಗವೆಂದೇ ಕಂಡರು. ಆಂಧ್ರ ಮಹಿಳಾ ಸಭಾ ಬೆಳೆದು ಬಂದ ಕಥೆಯನ್ನು 'ದಿ ಸ್ಟೋನ್ ದಟ್ ಸ್ಪೀಕೆತ್' ಎಂಬ ಪುಸ್ತಕದಲ್ಲೂ, ತಮ್ಮ ಜೀವನವನ್ನು 'ಚಿಂತಾಮಣ್ ಅಂಡ್ ಐ' ಎಂಬ ಆತ್ಮಕಥೆಯಲ್ಲೂ ಬರೆದರು. 1975ರಲ್ಲಿ ಪತಿ ಪತ್ನಿ ಇಬ್ಬರಿಗೂ ಪದ್ಮವಿಭೂಷಣ ದೊರೆಯಿತು. 1981ರ ಮೇ 9ರಂದು ದುರ್ಗಾಬಾಯಿ ನಿಧನರಾದರು. ಮರುವರ್ಷ ಚಿಂತಾಮಣ್ ಅವರೂ ತೀರಿಕೊಂಡರು.

ಗಾಲಿಕುರ್ಚಿ ವಿತರಣೆ, ಕೃತಕ ಕಾಲು ಜೋಡಣೆ, ಕಣ್ಣಿನ ತಪಾಸಣೆ ಇವು ಜೈನ ಸಮಾಜದ ಟ್ರಸ್ಟುಗಳಿಗೆ ಹೊಸದಲ್ಲ. ಪರ್ವದ ದಿನಗಳಲ್ಲಿ ಇಂಥ ಶಿಬಿರಗಳು ಊರೂರಲ್ಲೂ ನಡೆಯುತ್ತವೆ. ದುರ್ಗಾಬಾಯಿಯವರ ಬಾಳು ಅದರ ಮುಂದಿನ ಹೆಜ್ಜೆಯನ್ನು ತೋರಿಸುತ್ತದೆ. ಶಿಬಿರದಲ್ಲಿ ಗಾಲಿಕುರ್ಚಿ ಪಡೆದ ಯುವಕನಿಗೆ ಮರುದಿನ ಅದರಲ್ಲಿ ಕುಳಿತು ಹೋಗಲು ಒಂದು ಕೆಲಸವೂ ಇರಬೇಕು. ಅಂಗಡಿಯ ಗಲ್ಲಾ, ಲೆಕ್ಕದ ಮೇಜು, ಫೋನಿನಲ್ಲಿ ಆರ್ಡರ್ ಬರೆದುಕೊಳ್ಳುವ ಜಾಗ ವ್ಯಾಪಾರಸ್ಥರ ಕೈಯಲ್ಲೇ ಇವೆ. ಅಲ್ಲಿ ಒಬ್ಬರಿಗೆ ಕೆಲಸ ಕೊಟ್ಟರೂ ಶಿಬಿರದಲ್ಲಿ ಕೊಟ್ಟ ದಾನ ಪೂರ್ಣವಾದಂತೆ.