ಪರ್ಲಡ್ಕದ ಗುಡ್ಡದಲ್ಲಿ ಕಾರಂತರು ಕಟ್ಟಿದ ಶಾಲೆ

ಚಿತ್ರಕಲೆ, ನಾಟಕ, ಪತ್ರಿಕಾ ಬರವಣಿಗೆ ಇವೆಲ್ಲ ನಮ್ಮ ಪ್ರೌಢಶಾಲೆಗಳಲ್ಲಿ ವಾರಕ್ಕೊಂದು ತಾಸು ಸಿಕ್ಕರೆ ಸಿಕ್ಕಿತು ಎಂಬಂತಿರುವ ವಿಷಯಗಳು. ಪರೀಕ್ಷೆ ಹತ್ತಿರ ಬಂದರೆ ಆ ಒಂದು ತಾಸೂ ಗಣಿತದ ಪಾಲಾಗುತ್ತದೆ. ಇವೇ ಮೂಲಪಾಠಗಳು, ಉಳಿದ ವಿದ್ಯೆ ಇವುಗಳ ಕೈಹಿಡಿದು ಬರಬೇಕು ಎಂದು ನಂಬಿ, ಅದಕ್ಕಾಗಿ ಪುತ್ತೂರಿನ ಪರ್ಲಡ್ಕದ ಗುಡ್ಡದ ಮೇಲೆ ನೆಲೆಯೂರಿದವರು ಕೋಟ ಶಿವರಾಮ ಕಾರಂತರು. ಕಾದಂಬರಿಕಾರರಾಗಿ, ಜ್ಞಾನಪೀಠ ಪುರಸ್ಕೃತರಾಗಿ ಅವರನ್ನು ನಾಡೆಲ್ಲ ಬಲ್ಲದು. ಮಕ್ಕಳ ಮೇಷ್ಟರಾಗಿ ಅವರು ಪಟ್ಟ ಪಾಡು ಮಾತ್ರ ಅಷ್ಟಾಗಿ ನೆನಪಿಗೆ ಬರುವುದಿಲ್ಲ.

1902ರ ಅಕ್ಟೋಬರ್ 10ರಂದು ಕೋಟದಲ್ಲಿ ಜನಿಸಿದ ಕಾರಂತರು ಕುಂದಾಪುರದಲ್ಲಿ ಹೈಸ್ಕೂಲು ಮುಗಿಸಿ ಮಂಗಳೂರಿನ ಕಾಲೇಜು ಸೇರಿದ್ದರು. ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆ ಕೇಳಿ ಓದನ್ನು ಅರ್ಧಕ್ಕೆ ಬಿಟ್ಟರು. ಮತ್ತೆ ಆ ಬಾಗಿಲನ್ನು ತಟ್ಟಲಿಲ್ಲ. ಮುಂದೆ ಹಲವು ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ನೀಡಿದ ಈ ವ್ಯಕ್ತಿಯ ಬಳಿ ಪದವಿಯ ಪ್ರಮಾಣಪತ್ರವೇ ಇರಲಿಲ್ಲ.

ಪತ್ರಿಕೋದ್ಯಮವನ್ನು ಅವರು ಕಲಿತದ್ದು ಪತ್ರಿಕೆ ನಡೆಸಿಯೇ. 1920ರ ದಶಕದಲ್ಲಿ 'ವಸಂತ' ಎಂಬ ಮಾಸಪತ್ರಿಕೆಯನ್ನು ಹೊರತಂದರು. ಇಪ್ಪತ್ತರ ಹರೆಯದ ಸಂಪಾದಕನಿಗೆ ಲೇಖಕರು ಸುಲಭವಾಗಿ ಸಿಗುವ ಕಾಲ ಅದಲ್ಲ. ಪುಟ ತುಂಬಿಸಲು ತಾವೇ ಬರೆಯಬೇಕಾಯಿತು. ಅವರ ಮೊದಮೊದಲ ಕಥನಗಳು ಹುಟ್ಟಿದ್ದು ಈ ಅಗತ್ಯದಿಂದಲೇ. ಪತ್ರಿಕೆ ಕೆಲವು ವರ್ಷ ನಡೆದು ನಿಂತಿತು. ಮುದ್ರಣದ ಗೀಳು ನಿಲ್ಲಲಿಲ್ಲ.

ಪುತ್ತೂರಿಗೆ ಅವರನ್ನು ಕಟ್ಟಿಹಾಕಿದವರಲ್ಲಿ ಮುಖ್ಯರು ಸಹಕಾರಿ ಧುರೀಣ ಮೊಳಹಳ್ಳಿ ಶಿವರಾಯರು. 1930ರ ದಶಕದಲ್ಲಿ ಇವರಿಬ್ಬರ ಉತ್ಸಾಹದಿಂದ ಪುತ್ತೂರಿನ ದಸರಾ ನಾಡಹಬ್ಬವಾಗಿ ಬೆಳೆಯಿತು. ನೆಲ್ಲಿಕಟ್ಟೆಯ ಶಾಲೆ ಕಾರಂತರ ನಾಟಕಗಳಿಗೆ ರಂಗವಾಯಿತು. ಅಲ್ಲಿ ಅವರು ಶಾಲೆಯ ಮಕ್ಕಳನ್ನು ಕೂಡಿಸಿಕೊಂಡು ಹಾಡಿಸಿದರು, ಕುಣಿಸಿದರು. ವೃತ್ತಿ ಕಂಪೆನಿಗಳ ಝಗಮಗಿಸುವ ಪರದೆಯಾಗಲಿ ಗಂಟೆಗಟ್ಟಲೆಯ ಸಂಭಾಷಣೆಯಾಗಲಿ ಅವರಿಗೆ ಹಿಡಿಸಿರಲಿಲ್ಲ. 'ಮುಕ್ತದ್ವಾರ', 'ಕಿಸಾಗೋತಮಿ'ಯಂತಹ ಗೀತನಾಟಕಗಳಲ್ಲಿ ಹಾಡು ಮತ್ತು ಚಲನೆಯೇ ಕಥೆ ಹೇಳುತ್ತವೆ. ಮಾತು ಬಾಯಿಪಾಠ ಮಾಡಲು ತಡವರಿಸುವ ಮಗುವಿಗೂ ಇಂತಹ ನಾಟಕದಲ್ಲಿ ಜಾಗವಿದೆ ಎಂಬುದನ್ನು ಗಮನಿಸಬೇಕು.

ಹುಡುಗಿಯರು ವೇದಿಕೆಯ ಮೇಲೆ ಹೆಜ್ಜೆ ಹಾಕುವುದನ್ನು ಊರು ಮೂಗುಮುರಿದು ನೋಡುತ್ತಿದ್ದ ದಿನಗಳವು. ಶಾಲೆಯಲ್ಲಿ ಕಾರಂತರಿಂದ ನೃತ್ಯ ಕಲಿತ ಲೀಲಾ ಆಳ್ವರು 1936ರಲ್ಲಿ ಅವರ ಕೈಹಿಡಿದರು. ಬ್ರಾಹ್ಮಣ ಮತ್ತು ಬಂಟ ಮನೆತನಗಳ ಈ ಮದುವೆ ಆ ಕಾಲಕ್ಕೆ ಸಣ್ಣ ಸುದ್ದಿಯಾಗಿರಲಿಲ್ಲ. ಗುಡ್ಡದ ಮೇಲಿನ ಬಾಲವನದ ಹೊಣೆಯಲ್ಲಿ ದೊಡ್ಡ ಪಾಲನ್ನು ಹೊತ್ತವರು ಲೀಲಾ ಅವರೇ.

ಬಾಲವನದಲ್ಲಿ ಕಾರಂತರು ತಮ್ಮದೇ ರೀತಿಯ ಶಾಲೆಯನ್ನು ನಡೆಸಿ ನೋಡಿದರು. ಗಿಡಮರ, ಹಕ್ಕಿ, ಬಣ್ಣ, ಹಾಡು, ಆಟ ಇವುಗಳ ನಡುವೆ ಮಗು ತಾನಾಗಿ ಕಲಿಯಬೇಕು, ಉರುಹೊಡೆಯಬಾರದು ಎಂಬುದು ಅವರ ನಿಲುವು. ಪ್ರಯೋಗ ಬಹುಕಾಲ ಬಾಳಲಿಲ್ಲ. ಸರ್ಟಿಫಿಕೇಟಿನ ಭರವಸೆಯಿಲ್ಲದ ಶಾಲೆಗೆ ಮಗುವನ್ನು ಕಳಿಸುವ ಧೈರ್ಯ ಎಷ್ಟು ತಂದೆತಾಯಂದಿರಿಗಿದ್ದೀತು? ಇಂದಿಗೂ ಅದೇ ಪ್ರಶ್ನೆಯೇ. ಸಾಲವೂ ಪುತ್ತೂರಿನ ವರ್ಷಗಳಲ್ಲಿ ಅವರ ಬೆನ್ನು ಬಿಡಲಿಲ್ಲ.

ಶಾಲೆಯಲ್ಲಿ ಆಗದ್ದನ್ನು ಅವರು ಅಚ್ಚಿನಲ್ಲಿ ಮಾಡಹೊರಟರು. ಕನ್ನಡದ ಮಗುವಿಗೆ ಜಗತ್ತನ್ನು ಪರಿಚಯಿಸುವ ಪುಸ್ತಕವೇ ಇಲ್ಲ ಎಂಬ ಕೊರಗಿನಿಂದ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು 1930ರ ದಶಕದಲ್ಲಿ ಒಬ್ಬರೇ ಸಿದ್ಧಪಡಿಸಿದರು. ವಿದ್ವಾಂಸರ ಮಂಡಳಿ ಕೂತು ಮಾಡುವ ಕೆಲಸವದು. ಹಿರಿಯ ಮಗನ ಹೆಸರಿನ ಹರ್ಷ ಮುದ್ರಣಾಲಯ ಪುತ್ತೂರಿನಲ್ಲಿ ಅವರದೇ ಅಚ್ಚುಕೂಟವಾಯಿತು. ಬರೆಯುವುದು, ಮುಖಪುಟಕ್ಕೆ ಚಿತ್ರ ರಚಿಸುವುದು, ಅಚ್ಚು ಹಾಕಿಸುವುದು, ಕೊನೆಗೆ ಮಾರುವುದು, ಎಲ್ಲದರಲ್ಲೂ ಅವರ ಕೈಯಿತ್ತು. ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಆ ಬಳಿಕ ಬಂತು.

ತಮ್ಮ ನಂಬಿಕೆಯನ್ನು ಅವರು ಮೊದಲು ಪ್ರಯೋಗಿಸಿದ್ದು ಸ್ವಂತ ಮಕ್ಕಳ ಮೇಲೆ ಎಂಬುದನ್ನೂ ಹೇಳಬೇಕು. ಮಗ ಉಲ್ಲಾಸ ಕಾರಂತರು ಬಾಲ್ಯದ ಮೊದಲ ವರ್ಷಗಳಲ್ಲಿ ಶಾಲೆಯ ಮೆಟ್ಟಿಲು ಹತ್ತದೆ ಮನೆಯಲ್ಲೇ ಕಲಿತರು. ಅವರು ಮುಂದೆ ಹುಲಿಗಳ ಕುರಿತ ಸಂಶೋಧನೆಯಿಂದ ಪ್ರಸಿದ್ಧರಾದರು. ಮಗಳು ಮಾಳವಿಕಾ ಕಪೂರ್ ಮಕ್ಕಳ ಮನಶ್ಶಾಸ್ತ್ರವನ್ನೇ ತಮ್ಮ ಕ್ಷೇತ್ರವಾಗಿಸಿಕೊಂಡರು. ಹಿರಿಯ ಮಗ ಹರ್ಷ ಮಾತ್ರ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಆ ದುಃಖ ಕಾರಂತ ದಂಪತಿಯನ್ನು ಕೊನೆಯವರೆಗೆ ಕಾಡಿತು.

'ಯಕ್ಷಗಾನ ಬಯಲಾಟ' ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ನಂತರವೂ ಕಾರಂತರ ರಂಗದ ಹುಡುಕಾಟ ಮುಗಿಯಲಿಲ್ಲ. ಇಳಿವಯಸ್ಸಿನಲ್ಲಿ ಉಡುಪಿಯ ಯಕ್ಷಗಾನ ಕೇಂದ್ರದ ಕಲಾವಿದರೊಂದಿಗೆ ಮಾತನ್ನು ಕೈಬಿಟ್ಟ ಯಕ್ಷಗಾನ ಬ್ಯಾಲೆಗಳನ್ನು ಕಟ್ಟಿದರು. ಅರ್ಥಗಾರಿಕೆಯೇ ಇಲ್ಲದ ಯಕ್ಷಗಾನವೇ ಎಂದು ಸಂಪ್ರದಾಯದ ರಸಿಕರು ಸಿಡಿಮಿಡಿಗೊಂಡರು. ಅವರ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ನೆಲ್ಲಿಕಟ್ಟೆಯಲ್ಲಿ ಮಕ್ಕಳೊಂದಿಗೆ ಆರಂಭಿಸಿದ ಪ್ರಯೋಗವನ್ನೇ ಕಾರಂತರು ಇಲ್ಲಿ ನುರಿತ ಕಲಾವಿದರೊಂದಿಗೆ ಮುಂದುವರಿಸಿದ್ದರು.

ಮುಂದೆ ಅವರು ಪುತ್ತೂರನ್ನು ಬಿಟ್ಟು ಹುಟ್ಟೂರಿನ ಸಮೀಪದ ಸಾಲಿಗ್ರಾಮದಲ್ಲಿ ನೆಲೆಸಿದರು. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಕೊನೆಯುಸಿರೆಳೆದರು. ಬಾಲವನ ಈಗ ಸರಕಾರದ ಆಡಳಿತದಲ್ಲಿದೆ, ಅವರು ಬಾಳಿದ ಮನೆಯನ್ನು ಕಾಪಾಡಲಾಗಿದೆ. ಶಾಲೆಯಾಗಿ ಉಳಿಯದ ಆ ಗುಡ್ಡದ ಮರಗಳಡಿ ಬೇಸಿಗೆ ರಜೆಯಲ್ಲಿ ಮಕ್ಕಳ ಶಿಬಿರಗಳು ನಡೆದಿವೆ.