ಬೇರುಗಂಟಿನ ಗುಟ್ಟು ಬಿಡಿಸಿದ ಬೈಯರಿಂಕ್

ಭತ್ತದ ಕೊಯ್ಲು ಮುಗಿದ ಮೇಲೆ ನಮ್ಮ ಕುಮಟಾ, ಹೊನ್ನಾವರ, ಭಟ್ಕಳ ಕಡೆಯ ಗದ್ದೆಗಳಲ್ಲಿ ಶೇಂಗಾ, ಉದ್ದು, ಹೆಸರು, ಅಲಸಂದೆ ಹಾಕುವುದು ಹಿರಿಯರ ಕಾಲದಿಂದ ಬಂದ ಪದ್ಧತಿ. ಕಾಳು ಬೆಳೆದ ಗದ್ದೆಯಲ್ಲಿ ಮುಂದಿನ ಬೆಳೆ ಚೆನ್ನಾಗಿ ಏಳುತ್ತದೆಂದು ಅವರಿಗೆ ಅನುಭವದಿಂದ ಗೊತ್ತಿತ್ತು. ಯಾಕೆ ಅಂತ ಕೇಳಿದರೆ ಮಾತ್ರ ಹೇಳುವವರಿರಲಿಲ್ಲ. ಗಿಡ ಕಿತ್ತರೆ ಬೇರಿನಲ್ಲಿ ಸಾಸಿವೆ ಕಾಳಿನಂಥ ಗಂಟುಗಳು ಕಾಣುತ್ತವಲ್ಲ, ಅದನ್ನು ರೋಗವೆಂದೇ ತಿಳಿದ ಪಂಡಿತರೂ ಇದ್ದರು. ಆ ಗಂಟಿನೊಳಗಿನ ಜೀವಾಣುವನ್ನು ಮೊದಲ ಬಾರಿಗೆ ಹೊರತೆಗೆದು ಶುದ್ಧವಾಗಿ ಬೆಳೆಸಿದವರು ಹಾಲೆಂಡ್ ದೇಶದ ಮಾರ್ಟಿನಸ್ ವಿಲೆಮ್ ಬೈಯರಿಂಕ್. ಇಂದು ರೈತರಿಗೆ ಸಿಗುವ ರೈಜೋಬಿಯಂ ಪೊಟ್ಟಣದ ಮೂಲ ಅವರ ಕೆಲಸದಲ್ಲಿದೆ. ಬೆಳ್ಳಿ ಹಬ್ಬದ ಈ ಶುಭ ಸಂದರ್ಭದಲ್ಲಿ ಅವರ ಜೀವನವನ್ನು ಸದಸ್ಯ ಬಾಂಧವರಿಗೆ ಪರಿಚಯಿಸುವುದು ಉಚಿತವೆನಿಸಿತು.

ಬೈಯರಿಂಕ್ ಹುಟ್ಟಿದ್ದು 1851ರ ಮಾರ್ಚ್ 16ರಂದು, ಆಮ್‌ಸ್ಟರ್‌ಡಾಮ್ ನಗರದಲ್ಲಿ. ತಂದೆ ತಂಬಾಕಿನ ವ್ಯಾಪಾರಿ. ವ್ಯಾಪಾರದಲ್ಲಿ ದಿವಾಳಿಯಾಗಿ, ಆಮೇಲೆ ರೈಲ್ವೆ ಕಂಪನಿಯಲ್ಲಿ ಗುಮಾಸ್ತಿಕೆ ಮಾಡಿ ಸಂಸಾರ ಸಾಗಿಸಿದರು. ಇಂಥ ಬಡತನದಲ್ಲೂ ಹುಡುಗನ ಓದು ನಿಲ್ಲಲಿಲ್ಲ. ಡೆಲ್ಫ್ಟ್ ಊರಿನ ತಾಂತ್ರಿಕ ಶಾಲೆಯಲ್ಲಿ ರಸಾಯನಶಾಸ್ತ್ರ ಓದುವಾಗ ಅವರ ಸಹಪಾಠಿಯಾಗಿದ್ದವರು ವ್ಯಾಂಟ್ ಹಾಫ್. ಮುಂದೆ 1901ರಲ್ಲಿ ರಸಾಯನಶಾಸ್ತ್ರದ ಮೊದಲ ನೊಬೆಲ್ ಬಹುಮಾನ ಪಡೆದವರು ಇವರೇ. ಬೈಯರಿಂಕ್ ಲೈಡನ್ ವಿಶ್ವವಿದ್ಯಾಲಯದಿಂದ 1877ರಲ್ಲಿ ಡಾಕ್ಟರೇಟ್ ಪಡೆದರು. ವಿಷಯ ಗಿಡಗಳ ಮೇಲೆ ಏಳುವ ಗಂಟುಗಳು. ಆಮೇಲೆ ವಾಗನಿಂಗನ್ ಊರಿನ ಕೃಷಿ ಶಾಲೆಯಲ್ಲಿ ಮಾಸ್ತರರಾಗಿ ದುಡಿದರು.

1885ರಲ್ಲಿ ಡೆಲ್ಫ್ಟಿನ ಯೀಸ್ಟ್ ಕಾರ್ಖಾನೆಯವರು ಅವರನ್ನು ಕರೆಸಿಕೊಂಡರು. ಅದರ ಮಾಲೀಕ ಯಾಕ್ ವಾನ್ ಮಾರ್ಕನ್ ಸಹಕಾರ ತತ್ವದಲ್ಲಿ ನಂಬಿಕೆಯುಳ್ಳ ಮನುಷ್ಯ. ಕೆಲಸಗಾರರಿಗಾಗಿ ಕಾರ್ಖಾನೆಯ ಹತ್ತಿರವೇ ಅಗ್ನೆಟಾಪಾರ್ಕ್ ಎಂಬ ಬಡಾವಣೆ ಕಟ್ಟಿಸಿದ್ದರು. ಇಂಥ ಮಾಲೀಕರು ಕೊಟ್ಟ ಪ್ರಯೋಗಶಾಲೆಯಲ್ಲಿ ಕುಳಿತೇ ಬೈಯರಿಂಕ್ ಬೇರುಗಂಟಿಗೆ ಕೈ ಹಾಕಿದರು.

ಬೇರುಗಂಟಿನಿಂದ ದ್ವಿದಳ ಗಿಡಕ್ಕೆ ಗಾಳಿಯ ಸಾರಜನಕ ಸಿಗುತ್ತದೆಂದು 1886ರಲ್ಲೇ ಜರ್ಮನಿಯ ಹೆಲ್‌ರೀಗೆಲ್ ತೋರಿಸಿದ್ದರು. ಆದರೆ ಕೆಲಸ ಮಾಡುವ ಜೀವಿ ಯಾವುದು? ಗಂಟಿನ ರಸವನ್ನು ಮಾಂಸದ ಸಾರಿನಂಥ ಪುಷ್ಟಿ ಆಹಾರದಲ್ಲಿ ಹಾಕಿದರೆ ಮಣ್ಣಿನ ಬೇರೆ ನೂರಾರು ಜೀವಾಣುಗಳು ಮುನ್ನುಗ್ಗಿ ಬೆಳೆಯುತ್ತವೆ, ಬೇಕಾದದ್ದು ಹಿಂದೆ ಬೀಳುತ್ತದೆ. ಬೈಯರಿಂಕ್ ಬೇರೆ ದಾರಿ ಹಿಡಿದರು. ದ್ವಿದಳ ಗಿಡದ್ದೇ ಕಷಾಯ ತೆಗೆದು, ಅದಕ್ಕೆ ಜೆಲಟಿನ್, ಸ್ವಲ್ಪ ಸಕ್ಕರೆ, ಸ್ವಲ್ಪ ಆಸ್ಪರಜಿನ್ ಸೇರಿಸಿದರು. ಈ ಬಡ ಊಟದಲ್ಲಿ ಗಂಟಿನ ಜೀವಾಣು ಬೆಳೆಯಿತು. ಅದು 1888. ಶುದ್ಧವಾಗಿ ಬೆಳೆಸಿದ ಜೀವಾಣುವನ್ನು ಗಿಡಕ್ಕೆ ಕೊಟ್ಟು ಮತ್ತೆ ಗಂಟು ಬರಿಸಿ, 1890ರಲ್ಲಿ ಅದನ್ನೂ ಪ್ರಕಟಿಸಿದರು.

1895ರಲ್ಲಿ ಅವರು ಡೆಲ್ಫ್ಟಿನಲ್ಲೇ ಪ್ರಾಧ್ಯಾಪಕರಾದರು. 1898ರಲ್ಲಿ ತಂಬಾಕಿನ ಎಲೆಚುಕ್ಕೆ ರೋಗಕ್ಕೆ ಕಾರಣ ಜೀವಾಣುವಲ್ಲ, ಅದಕ್ಕಿಂತ ಸೂಕ್ಷ್ಮವಾದ ಬೇರೊಂದು ವಸ್ತು ಎಂದು ತೋರಿಸಿ ವೈರಸ್ ವಿಜ್ಞಾನಕ್ಕೆ ಬುನಾದಿ ಹಾಕಿದರು. 1901ರಲ್ಲಿ ಇನ್ನೂ ದೊಡ್ಡ ಯುಕ್ತಿ ಮಾಡಿದರು. ಸಾರಜನಕವೇ ಇಲ್ಲದ ಆಹಾರ ತಯಾರಿಸಿ ಅದಕ್ಕೆ ತೋಟದ ಮಣ್ಣು ಹಾಕಿಟ್ಟರು. ಗಾಳಿಯಿಂದ ಸಾರಜನಕ ಹಿಡಿಯಬಲ್ಲವು ಮಾತ್ರ ಅಲ್ಲಿ ಬದುಕಬೇಕು, ಉಳಿದವು ಉಪವಾಸ. ಹಾಗೆ ಸಿಕ್ಕಿದ್ದೇ ಅಜಟೊಬ್ಯಾಕ್ಟರ್. ಏನು ಕೊಡಬೇಕು ಅನ್ನುವುದಕ್ಕಿಂತ ಏನು ಕೊಡಬಾರದು ಅನ್ನುವುದರಲ್ಲಿ ಅವರ ಜಾಣತನ ಇತ್ತು.

ಸ್ವಭಾವದಲ್ಲಿ ಬಹಳ ಕಟ್ಟುನಿಟ್ಟು. ವಿದ್ಯಾರ್ಥಿಗಳು ಅವರೆದುರು ನಡುಗುತ್ತಿದ್ದರು. ಮದುವೆಯಾಗಲಿಲ್ಲ, ಅಕ್ಕಂದಿರ ಜೊತೆಯಲ್ಲೇ ಬಾಳಿದರು. 1921ರಲ್ಲಿ ನಿವೃತ್ತರಾಗಿ ಗೋರ್ಸೆಲ್ ಎಂಬ ಹಳ್ಳಿಗೆ ಹೋಗಿ ಗಿಡಮರಗಳ ನಡುವೆ ಕಾಲ ಕಳೆದರು. 1931ರ ಜನವರಿ 1ರಂದು ಅಲ್ಲಿಯೇ ತೀರಿಕೊಂಡರು.

ಅವರ ಹೆಸರು ನಮ್ಮ ಕಡೆಯಂಥ ಮಣ್ಣಿಗೂ ಅಂಟಿಕೊಂಡಿದೆ. ಅಜಟೊಬ್ಯಾಕ್ಟರಿಗೆ ಹುಳಿ ಮಣ್ಣು ಒಗ್ಗುವುದಿಲ್ಲ. ಮಳೆ ಜೋರಾಗಿ ಹೊಡೆಯುವ ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿಯೇ. ಆದರೆ 1939ರಲ್ಲಿ ಸ್ಟಾರ್ಕಿ ಮತ್ತು ಡೇ ಎಂಬ ವಿಜ್ಞಾನಿಗಳು ಭಾರತದ ಭತ್ತದ ಮಣ್ಣಿನಲ್ಲಿ ಹುಳಿಯನ್ನು ತಡೆದುಕೊಳ್ಳುವ ಬೇರೊಂದು ಸಾರಜನಕ ಜೀವಾಣುವನ್ನು ಗುರುತಿಸಿದರು. 1950ರಲ್ಲಿ ಆ ಗುಂಪಿಗೆ ಬೈಯರಿಂಕಿಯ ಎಂದೇ ನಾಮಕರಣವಾಯಿತು.

ಈಗ ನಮ್ಮ ಲಾಭ ನಷ್ಟದ ಮಾತು. ಇಂದಿನ ಪ್ರಯೋಗಶಾಲೆಯಲ್ಲಿ ರೈಜೋಬಿಯಂಗೆ ಮ್ಯಾನಿಟಾಲ್ ಎಂಬ ಸಿಹಿ ವಸ್ತು, ಯೀಸ್ಟಿನ ಸತ್ವ, ಒಂದಿಷ್ಟು ಲವಣ, ಗಟ್ಟಿಯಾಗಲು ಕಡಲ ಪಾಚಿಯಿಂದ ತೆಗೆದ ಅಗರ್ ಹಾಕಿ, 28 ಡಿಗ್ರಿ ಶಾಖದಲ್ಲಿ ಬೆಳೆಸುತ್ತಾರೆ. ಕಾಂಗೋ ರೆಡ್ ಎಂಬ ಬಣ್ಣ ಬೆರೆಸಿದರೆ ಬೇರೆ ಜೀವಾಣುಗಳು ಸಾಮಾನ್ಯವಾಗಿ ಕೆಂಪಾಗುತ್ತವೆ, ರೈಜೋಬಿಯಂ ಬೆಳ್ಳಗೇ ಉಳಿಯುತ್ತದೆ. ಕಲಬೆರಕೆ ಹೀಗೆ ತಿಳಿಯುತ್ತದೆ. ಇಷ್ಟು ಜೋಪಾನ ಮಾಡಿ ಬೆಳೆಸಿದ್ದು ಗೋದಾಮಿನ ತಗಡಿನ ಮಾಡಿನ ಕೆಳಗೆ ಬೆಂದು ಸತ್ತರೆ ರೈತ ಕೊಟ್ಟ ದುಡ್ಡು ಬರೇ ಕರಿ ಹುಡಿಗೆ ಕೊಟ್ಟ ಹಾಗೆ. ಯೂರಿಯಾ ಚೀಲದಂತೆ ಇದನ್ನು ಒಟ್ಟಿ ಇಡಲಿಕ್ಕೆ ಬರುವುದಿಲ್ಲ, ಇದು ಜೀವ ಇರುವ ಸರಕು. ತಂಪು ಜಾಗದಲ್ಲಿ ಇಡಬೇಕು, ಅವಧಿಯ ತಾರೀಕು ನೋಡಿ ಕೊಡಬೇಕು, ನೋಡಿಯೇ ತಗೊಳ್ಳಬೇಕು. ಶೇಂಗಾಕ್ಕೆ ಶೇಂಗಾದ್ದೇ ಪೊಟ್ಟಣ ಬೇಕು. ತಣಿದ ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ, ಅದೇ ದಿನ ಬಿತ್ತಬೇಕು. ವಿಷದ ಔಷಧಿ, ಗೊಬ್ಬರದ ಜೊತೆ ಬೆರೆಸಬಾರದು. ವರ್ಷವರ್ಷವೂ ಅದೇ ಕಾಳು ಬೆಳೆದ ಗದ್ದೆಯಲ್ಲಿ ಜೀವಾಣು ಮೊದಲೇ ಇರಬಹುದು. ಹೊಸದಾಗಿ ಆ ಬೆಳೆ ಹಾಕುವ ಗದ್ದೆಗೆ ಇದರ ಉಪಯೋಗ ಹೆಚ್ಚು.

ಪರೀಕ್ಷೆಯೂ ಸುಲಭ. ಹೂ ಬಿಡುವ ಹೊತ್ತಿಗೆ ಒಂದೆರಡು ಗಿಡ ಮೆಲ್ಲಗೆ ಅಗೆದು, ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಕೆಂಪಿದ್ದರೆ ಕೆಲಸ ನಡೆದಿದೆ. ಬಿಳಿ ಅಥವಾ ಹಸಿರಿದ್ದರೆ ನಡೆದಿಲ್ಲ. ಗಿಡ ಸಕ್ಕರೆ ಕೊಡುತ್ತದೆ, ಜೀವಾಣು ಸಾರಜನಕ ಕೊಡುತ್ತದೆ. ಇಬ್ಬರೂ ಕೊಟ್ಟರೆ ಮಾತ್ರ ಗಂಟು ಕೆಂಪಗಿರುತ್ತದೆ. ಸಹಕಾರ ಸಂಘದ ಲೆಕ್ಕವೂ ಇದೇ ತಾನೆ.