ಉಳವಿಯ ಚನ್ನಬಸವಣ್ಣನವರು

ಅಣಶಿಯಿರುವ ಜೋಯಿಡಾ ಸೀಮೆಯ ದಟ್ಟಡವಿಯಲ್ಲಿಯೇ ಉಳವಿಯಿರುವುದು. ಭಾರತ ಹುಣ್ಣಿಮೆಯ ಜಾತ್ರೆಗೆ ಚಕ್ಕಡಿ ಹೂಡಿ ಅಲ್ಲಿಗೆ ಬರುವ ಭಕ್ತರನ್ನು ನಾವು ಬಲ್ಲೆವು. ಅಲ್ಲಿ ಐಕ್ಯರಾದ ಚನ್ನಬಸವಣ್ಣನವರು ಅಕ್ಕನಾಗಮ್ಮನ ಪುತ್ರರು, ಬಸವಣ್ಣನವರ ಸೋದರಳಿಯಂದಿರು. ಷಟ್‌ಸ್ಥಲ ತತ್ತ್ವವನ್ನು ವಿಶದಪಡಿಸಿದ ಜ್ಞಾನಿಗಳು.

12ನೆಯ ಶತಮಾನದ ಕಲ್ಯಾಣದಲ್ಲಿ ಕುಲಮದವೆಂಬ ಪಾಪವು ಅರಸನ ನ್ಯಾಯಬುದ್ಧಿಯನ್ನು ಕೆಡಿಸಿತು. ಹರಳಯ್ಯ, ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾಯಿತು. ಬಳಿಕ ಬಿಜ್ಜಳನ ಕೊಲೆಯೂ ನಡೆಯಿತು. ಒಂದು ಪಾಪವು ಮತ್ತೊಂದನ್ನು ಹಡೆದು ಪಟ್ಟಣವನ್ನೇ ನುಂಗಿತು. ಆಗ ಚನ್ನಬಸವಣ್ಣನವರು ಅಧಿಕಾರವನ್ನು ಬಯಸದೆ, ಶರಣರನ್ನೂ ವಚನಗಳನ್ನೂ ಕಾಯುವುದೇ ಶಿವನಾಜ್ಞೆಯೆಂದು ತಿಳಿದು, ಬೆನ್ನಟ್ಟಿದ ಸೇನೆಯಿಂದ ಪಾರಾಗಿ ಈ ಕಾಡನ್ನು ಸೇರಿದರೆಂದು ಶರಣಪರಂಪರೆಯು ಹೇಳುವುದು.

ಆ ಕುಲಮದವು ನಮ್ಮಲ್ಲಿ ಇನ್ನೂ ಅಳಿದಿಲ್ಲ. ಉಳವಿಗೆ ಹೋಗುವವರು ಅದನ್ನು ಅಲ್ಲಿಯೇ ತೊರೆದು ಬರಬೇಕೆಂಬುದು ನಮ್ಮ ಬಿನ್ನಹ.